ಮಂದ ಬೆಳಕಿನ ಬೆನ್ನು ಹತ್ತಿದ ಲೆಕ್ಕಾಧಿಕಾರಿ: ಸರ್ ಸಿ.ವಿ. ರಾಮನ್ ಮತ್ತು ಇಂದಿನ ಆಪರೇಷನ್ ಥಿಯೇಟರ್

ನಮ್ಮಂಥ ಬಿ.ಕಾಂ. ಓದಿದವರಿಗೆ ಸಿ.ವಿ. ರಾಮನ್ ಅಂದ್ರೆ ಹೈಸ್ಕೂಲ್ ಪುಸ್ತಕದಲ್ಲಿ ರುಮಾಲು ಸುತ್ತಿಕೊಂಡ ಒಂದು ಫೋಟೋ, ಮತ್ತೆ ಫೆಬ್ರವರಿ 28ರ ವಿಜ್ಞಾನ ದಿನ. ಅಷ್ಟೇ. ಅವರು ಹತ್ತು ವರ್ಷ ಸರಕಾರದ ಲೆಕ್ಕಪತ್ರ ಇಲಾಖೆಯಲ್ಲಿ ದುಡಿದವರು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಅವರು ತಲೆಕೆಡಿಸಿಕೊಂಡ ಪ್ರಶ್ನೆಯೇ ಇವತ್ತು ಮೆದುಳಿನ ಗಡ್ಡೆ ತೆಗೆಯುವ ಡಾಕ್ಟರ ಮುಂದೆಯೂ ಇದೆ ಎಂಬುದಂತೂ ಇನ್ನೂ ಕಡಿಮೆ ಜನರಿಗೆ ಗೊತ್ತು. ಪ್ರಶ್ನೆ ಸರಳ. ಜೋರು ಬೆಳಕಿನ ನಡುವೆ ಮಂದ ಬೆಳಕೊಂದು ಇದ್ದರೆ ಅದನ್ನು ಕಣ್ಣಿಗೆ ಕಾಣಿಸುವುದು ಹೇಗೆ?

ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ತಂದೆ ಕಾಲೇಜು ಮೇಷ್ಟ್ರು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುವಾಗಲೇ, 1906ರಲ್ಲಿ, ಬೆಳಕಿನ ಬಗ್ಗೆ ಅವರು ಬರೆದ ಪ್ರಬಂಧ ಇಂಗ್ಲೆಂಡಿನ ಪತ್ರಿಕೆಯಲ್ಲಿ ಬಂತು. ಆದರೆ ಆ ಕಾಲದಲ್ಲಿ ವಿಜ್ಞಾನದಿಂದ ಮನೆ ನಡೆಯುತ್ತಿರಲಿಲ್ಲ. ಫೈನಾನ್ಸ್ ಇಲಾಖೆಯ ಪರೀಕ್ಷೆ ಬರೆದು, 1907ರಲ್ಲಿ ಕಲ್ಕತ್ತಾಕ್ಕೆ ಅಸಿಸ್ಟೆಂಟ್ ಅಕೌಂಟೆಂಟ್ ಜನರಲ್ ಆಗಿ ಹೋದರು. ವಯಸ್ಸು ಇನ್ನೂ ಹತ್ತೊಂಬತ್ತು ದಾಟಿರಲಿಲ್ಲ.

ಅಲ್ಲಿ ಬೌಬಜಾರ್ ಬೀದಿಯಲ್ಲಿ ಡಾ. ಮಹೇಂದ್ರಲಾಲ್ ಸರ್ಕಾರ್ ಎಂಬ ವೈದ್ಯರು 1876ರಲ್ಲಿ ಕಟ್ಟಿದ ಒಂದು ವಿಜ್ಞಾನ ಸಂಘ ಇತ್ತು. ಕಟ್ಟಡ ಇತ್ತು, ಕೆಲಸ ಮಾಡುವ ಜನ ಇರಲಿಲ್ಲ. ರಾಮನ್ ಕಚೇರಿಗೆ ಮೊದಲು ಮತ್ತು ಕಚೇರಿ ಬಿಟ್ಟ ಮೇಲೆ ಅಲ್ಲಿ ಪ್ರಯೋಗ ಶುರು ಮಾಡಿದರು. ಹಗಲು ಲೆಡ್ಜರ್, ರಾತ್ರಿ ಲೆನ್ಸ್. 1917ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯ ಪ್ರೊಫೆಸರ್ ಹುದ್ದೆ ಕೊಟ್ಟಾಗ, ಸಂಬಳ ಕಡಿಮೆಯಾದರೂ, ಸರಕಾರಿ ನೌಕರಿ ಬಿಟ್ಟುಬಿಟ್ಟರು. ನಮ್ಮ ಮನೆಗಳಲ್ಲಿ ಇವತ್ತು ಒಬ್ಬ ಹುಡುಗ ಹೀಗೆ ಮಾಡಿದರೆ ಏನಾಗಬಹುದು, ನೀವೇ ಊಹಿಸಿ!

1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ವಾಪಸ್ ಬರುವಾಗ ಮೆಡಿಟರೇನಿಯನ್ ಸಮುದ್ರದ ದಟ್ಟ ನೀಲಿ ಅವರನ್ನು ಹಿಡಿದು ನಿಲ್ಲಿಸಿತು. ಅದು ಆಕಾಶದ ಪ್ರತಿಬಿಂಬ ಎಂದು ಆಗ ದೊಡ್ಡವರೆಲ್ಲ ನಂಬಿದ್ದರು. ರಾಮನ್ ಜೇಬಿನಲ್ಲಿದ್ದ ನಿಕಲ್ ಪ್ರಿಸಂನಿಂದ ನೀರಿನ ಮೇಲ್ಮೈಯ ಹೊಳಪನ್ನು ತಡೆದು ನೋಡಿದರು. ಹೊಳಪು ಹೋಯಿತು, ನೀಲಿ ಉಳಿಯಿತು. ನೀರೇ ಬೆಳಕನ್ನು ಚದುರಿಸುತ್ತಿತ್ತು. ಮೇಲಿನ ಜೋರು ಬೆಳಕನ್ನು ತೆಗೆದರೆ ಒಳಗಿನದ್ದು ಕಾಣುತ್ತದೆ ಎಂಬ ಆ ದಾರಿಯನ್ನು ಅವರು ಮತ್ತೆ ಬಿಡಲಿಲ್ಲ. ಅದೇ 1921ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಕಾರ್ಲ್ ನೈಲೆನ್ ಎಂಬ ಡಾಕ್ಟರ್ ಕಿವಿಯ ಆಪರೇಷನ್‌ಗೆ ಮೊದಲ ಬಾರಿ ಮೈಕ್ರೋಸ್ಕೋಪ್ ಬಳಸಿದರು. ಒಬ್ಬರಿಗೆ ಇನ್ನೊಬ್ಬರ ಸುದ್ದಿ ಇದ್ದಿರಲಿಕ್ಕಿಲ್ಲ.

ಇನ್ನು 1928ರ ಪ್ರಯೋಗ. ರಾಮನ್ ಮತ್ತು ಶಿಷ್ಯ ಕೆ.ಎಸ್. ಕೃಷ್ಣನ್ ಸೂರ್ಯನ ಬೆಳಕನ್ನು ನೇರಳೆ-ನೀಲಿ ಗಾಜಿನ ಮೂಲಕ ಶುದ್ಧ ದ್ರವಕ್ಕೆ ಹಾಯಿಸಿದರು. ನೋಡುವ ಕಣ್ಣಿನ ಮುಂದೆ ಹಳದಿ-ಹಸಿರು ಗಾಜು ಇಟ್ಟರು. ಒಂದು ಗಾಜು ಬಿಟ್ಟದ್ದನ್ನು ಇನ್ನೊಂದು ತಡೆಯುತ್ತದೆ, ಆದ್ದರಿಂದ ಪೂರ್ತಿ ಕತ್ತಲೆ ಇರಬೇಕಿತ್ತು. ಇರಲಿಲ್ಲ. ಮಂದವಾದ ಒಂದು ಜಾಡು ಕಂಡಿತು. ಅಂದರೆ ದ್ರವದ ಒಳಗೆ ಬೆಳಕಿನ ಬಣ್ಣವೇ ಬದಲಾಗಿತ್ತು. ಇದು ಸುಮಾರು ಒಂದು ಕೋಟಿ ಬೆಳಕಿನ ಕಣಗಳಲ್ಲಿ ಒಂದಕ್ಕೆ ಆಗುವ ಬದಲಾವಣೆ. ಗಾಜಿನ ಜೋಡಿಯ ಯುಕ್ತಿ ರಾಮನ್‌ರದ್ದಲ್ಲ, 19ನೇ ಶತಮಾನದಲ್ಲೇ ಇಂಗ್ಲೆಂಡಿನ ಸ್ಟೋಕ್ಸ್ ಬಳಸಿದ್ದರು. ಆದರೆ ಸ್ಟೋಕ್ಸ್ ನೋಡಿದ್ದು ಪ್ರತಿದೀಪ್ತಿ, ಅಂದರೆ ಫ್ಲೋರೆಸೆನ್ಸ್. ರಾಮನ್ ಕಂಡದ್ದು ಬೇರೆಯೇ ಎಂದು ಸಾಧಿಸಲು ಅದರ ಧ್ರುವೀಕರಣವನ್ನು ಪರೀಕ್ಷಿಸಬೇಕಾಯಿತು, ವರ್ಣಪಟಲದಲ್ಲಿ ಹೊಸ ಗೆರೆಗಳನ್ನು ತೋರಿಸಬೇಕಾಯಿತು. ಮಾರ್ಚ್ 16ರಂದು ಅವರು ಇದನ್ನು ವಿವರವಾಗಿ ಹೇಳಿದ್ದು ನಮ್ಮ ಬೆಂಗಳೂರಿನಲ್ಲಿ.

ಈಗ ಆಪರೇಷನ್ ಥಿಯೇಟರಿಗೆ ಬನ್ನಿ. ಮೆದುಳಿನ ಗ್ಲಯೋಮಾ ಗಡ್ಡೆಯ ಅಂಚು ಮಾಮೂಲಿ ಬೆಳಕಿನಲ್ಲಿ ಒಳ್ಳೆಯ ಮೆದುಳಿನ ಹಾಗೇ ಕಾಣುತ್ತದೆ. ಕಡಿಮೆ ತೆಗೆದರೆ ಗಡ್ಡೆ ಬೇಗ ವಾಪಸ್, ಹೆಚ್ಚು ತೆಗೆದರೆ ಮಾತೋ ಕೈಯೋ ಹೋಗಬಹುದು. ಅದಕ್ಕೆ ರೋಗಿಗೆ ಕೆಲವು ಗಂಟೆ ಮೊದಲು 5-ಎಎಲ್‌ಎ ಎಂಬ ಔಷಧಿ ಕುಡಿಸುತ್ತಾರೆ. ಯುರೋಪ್ ಇದಕ್ಕೆ 2007ರಲ್ಲಿ, ಅಮೆರಿಕ 2017ರಲ್ಲಿ ಒಪ್ಪಿಗೆ ಕೊಟ್ಟಿತು. ಸರ್ಜಿಕಲ್ ಮೈಕ್ರೋಸ್ಕೋಪಿನ ದೀಪದ ಮುಂದೆ ನೇರಳೆ-ನೀಲಿ ಫಿಲ್ಟರ್, ಡಾಕ್ಟರ ಕಣ್ಣಿನ ಮುಂದೆ ಆ ನೀಲಿಯನ್ನು ಹೆಚ್ಚಾಗಿ ತಡೆಯುವ ಇನ್ನೊಂದು ಫಿಲ್ಟರ್. ಗಡ್ಡೆ ಕೆಂಪು-ಗುಲಾಬಿಯಾಗಿ ಹೊಳೆಯುತ್ತದೆ. ರಕ್ತನಾಳ ನೋಡಲು ಐಸಿಜಿ ಎಂಬ ಇನ್ನೊಂದು ಬಣ್ಣದ್ರವ್ಯ ಇದೆ. ಅದರ ಬೆಳಕು ಇನ್‌ಫ್ರಾರೆಡ್, ಕಣ್ಣಿಗೆ ಕಾಣುವುದೇ ಇಲ್ಲ, ಕ್ಯಾಮೆರಾ ಬೇಕು.

ಬೆಳಕು ಬದಲಾದರೆ ವಸ್ತುವೇ ಬದಲಾದಂತೆ ಕಾಣುವುದು ಬಟ್ಟೆ ವ್ಯಾಪಾರಿಗೆ ಹೊಸತಲ್ಲ. ಸೋಲಾಪುರದ ಅಕ್ಕಲಕೋಟ ರಸ್ತೆ ಎಂಐಡಿಸಿಯಲ್ಲಿ ಟವೆಲ್ ಖರೀದಿಗೆ ಹೋದರೆ ನಾನು ಟ್ಯೂಬ್‌ಲೈಟ್ ಕೆಳಗೆ ಒಮ್ಮೆ ನೋಡಿ, ಮತ್ತೆ ಬಾಗಿಲ ಹತ್ತಿರ ಬಿಸಿಲಿಗೆ ಹಿಡಿದು ನೋಡುತ್ತೇನೆ. ಕಡು ನೀಲಿ ಮತ್ತು ಕಪ್ಪು ಆಗಲೇ ಬೇರೆಯಾಗುವುದು. ಆದರೆ ಟವೆಲ್ ಹಿಡಿದು ಬಾಗಿಲಿಗೆ ನಡೆಯಬಹುದು, ತೆರೆದ ತಲೆಬುರುಡೆಯನ್ನು ಅಲ್ಲ.

ನಿಜವಾದ ಕಷ್ಟ ಇರುವುದು ಇಲ್ಲೇ. ನೀಲಿ ಮೋಡ್‌ನಲ್ಲಿ ಗಡ್ಡೆ ಹೊಳೆಯುತ್ತದೆ, ಆದರೆ ಸುತ್ತಲಿನದ್ದು ಮಬ್ಬು, ರಕ್ತ ಕಪ್ಪು. ರಕ್ತ ಒಸರಿದರೆ ಬಿಳಿ ಬೆಳಕಿಗೆ ಮರಳಬೇಕು. ಪಕ್ಕದ ಪರದೆಯಲ್ಲಿ ತೋರಿಸಿದರೆ ಡಾಕ್ಟರ ಕಣ್ಣು ಗಾಯ ಬಿಟ್ಟು ಹೋಗುತ್ತದೆ. ಅದಕ್ಕೇ ಈಗ ಎರಡು ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು ಮೈಕ್ರೋಸ್ಕೋಪಿನ ಕಣ್ಣಿನೊಳಗೇ ತೋರಿಸುತ್ತಾರೆ. ಕಾಣದ ಇನ್‌ಫ್ರಾರೆಡ್‌ಗೆ ಹಸಿರು ಕೊಡುವುದುಂಟು, ಯಾಕೆಂದರೆ ದೇಹದ ಒಳಗೆ ಹಸಿರು ಅಪರೂಪ. ಆ ಬಣ್ಣ ಜಾಸ್ತಿಯಾದರೆ ಕೆಳಗಿನ ನರ ಮುಚ್ಚಿಹೋಗುತ್ತದೆ, ಕಡಿಮೆಯಾದರೆ ಲಕ್ಷ್ಯಕ್ಕೇ ಬರುವುದಿಲ್ಲ. ಒಂದು ಮಿಲಿಮೀಟರ್ ಸರಿದರೆ ತಪ್ಪು ಜಾಗಕ್ಕೆ ಕತ್ತರಿ. ಈಗ ಯಾವ ಮೋಡ್ ಎಂಬುದೂ ಚಿತ್ರದ ಮೂಲೆಯಲ್ಲಿ ಸ್ಪಷ್ಟವಾಗಿ ಇರಬೇಕು. ಹೊಳೆಯಲಿಲ್ಲ ಎಂದ ಮಾತ್ರಕ್ಕೆ ಗಡ್ಡೆ ಇಲ್ಲವೆಂದಲ್ಲ, ಅಂಚಿನಲ್ಲಿ ರೋಗದ ಕೋಶಗಳು ವಿರಳವಾಗಿದ್ದರೆ ಹೊಳಪು ಬಾರದೆಯೂ ಇರಬಹುದು.

ರಾಮನ್ ಕಂಡ ಬೆಳಕೂ ಈಗ ಥಿಯೇಟರಿಗೆ ಬಂದಿದೆ. ಮೆದುಳಿಗೆ ತಾಗಿಸಿ ರೋಗದ ಕೋಶ ಗುರುತಿಸುವ ಪೆನ್ನಿನಂಥ ರಾಮನ್ ಸಾಧನದ ಫಲಿತಾಂಶವನ್ನು ಮಾಂಟ್ರಿಯಲ್‌ನವರು 2015ರಲ್ಲಿ ಪ್ರಕಟಿಸಿದರು. ತೆಗೆದ ತುಣುಕನ್ನು ಕೆಲವೇ ನಿಮಿಷಗಳಲ್ಲಿ ಸ್ಕ್ಯಾನ್ ಮಾಡಿ, ಪೆಥಾಲಜಿ ಡಾಕ್ಟರಿಗೆ ಪರಿಚಯದ ನೇರಳೆ-ಗುಲಾಬಿ ಬಣ್ಣದಲ್ಲಿ ತೋರಿಸುವ ಯಂತ್ರವೂ ಇದೆ. ತಮಾಷೆ ನೋಡಿ, ಅಲ್ಲೂ ರಾಮನ್ ಬೆಳಕಿಗೆ ಅಡ್ಡ ಬರುವುದು ಮಾಂಸದ್ದೇ ಫ್ಲೋರೆಸೆನ್ಸ್.

1930ರಲ್ಲಿ ನೊಬೆಲ್ ಬಂತು, ವಿಜ್ಞಾನದಲ್ಲಿ ಏಷ್ಯಾಕ್ಕೆ ಮೊದಲನೆಯದು. ಕೃಷ್ಣನ್‌ಗೆ ಪಾಲು ಸಿಗಲಿಲ್ಲ. ಸಿಗಬೇಕಿತ್ತು ಎಂಬುದು ನನ್ನ ಅಭಿಪ್ರಾಯ. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. ಅದೇ ವರ್ಷ ಕಮಲಾ ಸೊಹೊನಿ ಅವರಿಗೆ, ಹೆಣ್ಣು ಎಂಬ ಕಾರಣಕ್ಕೆ, ಮೊದಲು ಪ್ರವೇಶ ನಿರಾಕರಿಸಿದರು. ಅವರು ಹಟ ಹಿಡಿದು ಸೇರಿ ದೊಡ್ಡ ವಿಜ್ಞಾನಿಯಾದರು. ಮಗಳನ್ನು ಸೈನ್ಸ್‌ಗೆ ಕಳಿಸಬೇಕೋ ಬೇಡವೋ ಎಂದು ಯೋಚಿಸುವ ಹೆತ್ತವರು ಕಮಲಾರ ಕಥೆಯನ್ನೂ ಓದಬೇಕು. ಜಗಳಗಳಿಂದಾಗಿ ರಾಮನ್ 1937ರಲ್ಲಿ ನಿರ್ದೇಶಕ ಸ್ಥಾನ ಬಿಟ್ಟು ಪ್ರೊಫೆಸರಾಗಿ ಮುಂದುವರಿದರು. 1948ರಲ್ಲಿ ತಮ್ಮದೇ ಸಂಸ್ಥೆ ಕಟ್ಟಿದರು.

ಕೊನೆಯ ವರ್ಷಗಳಲ್ಲಿ ಅವರು ಹಿಡಿದುಕೊಂಡದ್ದು ಮನುಷ್ಯನ ಕಣ್ಣು. ಹೂಗಳ ಬಣ್ಣ, ಮಂದ ಬೆಳಕಿನಲ್ಲಿ ಕಣ್ಣು ಏನು ಕಾಣುತ್ತದೆ, ಏನು ಬಿಡುತ್ತದೆ ಎಂದು ಬಣ್ಣದ ಫಿಲ್ಟರುಗಳನ್ನು ಹಿಡಿದು ತಾವೇ ನೋಡುತ್ತಿದ್ದರು. ದೃಷ್ಟಿಯ ಬಗ್ಗೆ ಅವರ ಪುಸ್ತಕ 1968ರಲ್ಲಿ ಬಂತು. 1970ರ ನವೆಂಬರ್ 21ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ಇಚ್ಛೆಯಂತೆ ಸಂಸ್ಥೆಯ ತೋಟದಲ್ಲೇ ಅಂತ್ಯಸಂಸ್ಕಾರ ಮಾಡಿ, ಆ ಜಾಗದಲ್ಲಿ ಒಂದು ಮರ ನೆಟ್ಟರು.