ರಾಗಿ ಲಕ್ಷ್ಮಣಯ್ಯನವರು

ಬಾತಿಯ ಕಡೆಯವನಾದ ನನಗೆ ರಾಗಿಮುದ್ದೆ ಚಿರಪರಿಚಿತ; ಅದನ್ನು ಹುಲುಸಾಗಿಸಿದ ಮಹನೀಯರನ್ನು ಅರಿತದ್ದು ತಡವಾಗಿ. 1921ರಲ್ಲಿ ಮೈಸೂರು ಸೀಮೆಯಲ್ಲಿ ಜನಿಸಿದ ಲಕ್ಷ್ಮಣಯ್ಯನವರು ಮಂಡ್ಯದ ವಿಶ್ವೇಶ್ವರಯ್ಯ ಕಾಲುವೆ ಫಾರಂನಲ್ಲಿ ನಮ್ಮ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ಸೃಷ್ಟಿಸಿದರು. ರೈತರ ಇಳುವರಿ ಹೆಚ್ಚಿತು. 1993ರಲ್ಲಿ ಅವರು ಗತಿಸಿದರು.

ಮಿತ್ರರೆ, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಅಕ್ಕಿಯಲ್ಲಿ ಸುಮಾರು 10 ಮಾತ್ರ. ಸವೆದ ಎಲುಬು ಚೇತರಿಸಲು ಈ ಅಂಶ ಬೇಕೇ ಬೇಕು. ಆದರೆ ಬಿಸಿಲಿನಿಂದ ದೊರೆಯುವ ಡಿ ಜೀವಸತ್ವವಿಲ್ಲದೆ ಕರುಳು ಅದನ್ನು ಚೆನ್ನಾಗಿ ಹೀರಿಕೊಳ್ಳದು. ರಾಗಿಯಲ್ಲಿರುವ ಫೈಟಿಕ್ ಆಮ್ಲವೂ ಅಡ್ಡಿಪಡಿಸುತ್ತದೆ. ಮೊಳಕೆ ಬರಿಸಿದರೆ ಆ ಅಡ್ಡಿ ತಗ್ಗುತ್ತದೆ. ಹಾಲು ಕೊಳ್ಳಲಾರದ ಮನೆಗೂ ಎಲುಬಿಗೆ ಬೇಕಾದ ಆಹಾರ ಹೆಚ್ಚಾಗಿ ಬೆಳೆದು ಬರುವಂತೆ ಮಾಡಿದ್ದೇ ಅವರ ಬಾಳಿನ ಸಾರ್ಥಕ್ಯವೆಂದು ನಾನು ನಂಬಿದ್ದೇನೆ.