ಬಾಗಿನದ ಆಚೆಗಿನ ವಿಶ್ವೇಶ್ವರಯ್ಯ

ಕನ್ನಂಬಾಡಿ ಕಟ್ಟೆ ತುಂಬಿತು ಅಂದ್ರೆ ಮುಖ್ಯಮಂತ್ರಿ ಬಾಗಿನ ಅರ್ಪಿಸ್ತಾರೆ. ಗೌರಿ ಹಬ್ಬದ ಮೊರ ಈಗ ಸರ್ಕಾರಿ ಕಾರ್ಯಕ್ರಮ. ಆಗೆಲ್ಲ ನೆನಪಾಗೋ ಹೆಸರು ವಿಶ್ವೇಶ್ವರಯ್ಯ.

1861ರಲ್ಲಿ ಮುದ್ದೇನಹಳ್ಳಿಯಲ್ಲಿ ಹುಟ್ಟಿದವರು. 1884ರಲ್ಲಿ ಬಾಂಬೆ ಸರ್ಕಾರದ ಎಂಜಿನಿಯರ್ ಆದರು. ಅಲ್ಲಿನ ನೀರಾ ನಾಲೆಗೆ ಬ್ಲಾಕ್ ಪದ್ಧತಿ ತಂದರು: ಸರದಿ ಪ್ರಕಾರ ನೀರು, ಹೆಚ್ಚು ಹಳ್ಳಿಗಳಿಗೆ ಪಾಲು.

1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್, 1912ರಲ್ಲಿ ದಿವಾನರು. 1911ರಲ್ಲಿ ಶುರುವಾದ ಕಟ್ಟೆಗೆ ಮದ್ರಾಸ್ ತಕರಾರು ತೆಗೆಯಿತು. 1918ರಲ್ಲಿ ಅವರು ದಿವಾನಗಿರಿ ಬಿಟ್ಟರು; ಒಪ್ಪಂದ ಆಗಿದ್ದು 1924ರಲ್ಲಿ. ನೀರು ನಿಂತಾಗ ಹಳೇ ಕನ್ನಂಬಾಡಿ ಊರೇ ಮುಳುಗಿತು, ವೇಣುಗೋಪಾಲಸ್ವಾಮಿ ಗುಡಿ ಸಮೇತ.

1962ರಲ್ಲಿ ತೀರಿಕೊಂಡರು. ನಮ್ಮ ದಾವಣಗೆರೆ ಜಿಲ್ಲೆಯಲ್ಲಿ ಭದ್ರಾ ನಾಲೆಯ ಕೊನೆಭಾಗದ ರೈತರು ಇವತ್ತಿಗೂ ಕೇಳ್ತಿರೋದು ಬಾಗಿನ ಅಲ್ಲ, ಆ ಸರದಿ.