ಕತ್ತಿಗಿಂತ ಮೊದಲು ಖಜಾನೆ: ಕೆಳದಿಯ ರಾಣಿ ಚೆನ್ನಮ್ಮ
(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ)

ಶಾಲೆಗಳ ಛದ್ಮವೇಷ ಸ್ಪರ್ಧೆಯಲ್ಲಿ ಪ್ರತಿ ವರ್ಷ ಒಬ್ಬಳಾದರೂ ರಾಣಿ ಚೆನ್ನಮ್ಮ ಇದ್ದೇ ಇರುತ್ತಾಳೆ. ರಟ್ಟಿನ ಕತ್ತಿ, ಅಮ್ಮನ ರೇಷ್ಮೆ ಸೀರೆ, ತಲೆಯ ಮೇಲೊಂದು ಕಿರೀಟ. ಯಾವ ಚೆನ್ನಮ್ಮ ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಕಿತ್ತೂರು ಎನ್ನುತ್ತಾರೆ. ಅದಕ್ಕೆ ಸಿನಿಮಾ ಕೂಡ ಒಂದು ಕಾರಣ. 1961ರಲ್ಲಿ ಬಿ.ಆರ್. ಪಂತುಲು ಅವರು ತೆಗೆದ ‘ಕಿತ್ತೂರು ಚೆನ್ನಮ್ಮ’ ಚಿತ್ರದಲ್ಲಿ ಬಿ. ಸರೋಜಾದೇವಿಯವರು ಆ ಪಾತ್ರ ಮಾಡಿದ ಮೇಲೆ ರಾಣಿ ಎಂದರೆ ಹೀಗೇ ಇರಬೇಕು ಎಂಬ ಒಂದು ಚಿತ್ರ ಎಲ್ಲರ ಮನಸ್ಸಿನಲ್ಲಿ ಕೂತುಬಿಟ್ಟಿತು. ಕಿತ್ತೂರಿನ ರಾಣಿ ಬ್ರಿಟಿಷರ ಮೇಲೆ ಯುದ್ಧ ಮಾಡಿದ್ದು 1824ರಲ್ಲಿ. ಅದಕ್ಕೆ ಸುಮಾರು ನೂರೈವತ್ತು ವರ್ಷ ಮೊದಲೇ ನಮ್ಮ ಮಲೆನಾಡಿನಲ್ಲಿ ಇನ್ನೊಬ್ಬ ಚೆನ್ನಮ್ಮ ಪಟ್ಟಕ್ಕೆ ಬಂದಿದ್ದಳು. ನಾನು ಬರೆಯಲು ಹೊರಟಿರುವುದು ಅವಳ ಬಗ್ಗೆ.

ನಮ್ಮ ಎಂದು ಸುಮ್ಮನೆ ಬರೆದಿಲ್ಲ. ಸಾಗರದ ಹತ್ತಿರದ ಕೆಳದಿಯಲ್ಲಿ 1500ರ ಸುಮಾರಿಗೆ ಚೌಡಪ್ಪ ನಾಯಕನಿಂದ ಶುರುವಾದ ರಾಜ್ಯ ಅದು. ರಾಜಧಾನಿ ಮೊದಲು ಕೆಳದಿ, ಆಮೇಲೆ ಇಕ್ಕೇರಿ, ಕೊನೆಗೆ ಬಿದನೂರು, ಅಂದರೆ ಈಗಿನ ಹೊಸನಗರ ತಾಲ್ಲೂಕಿನ ನಗರ. ಸೊರಬದ ಚಂದ್ರಗುತ್ತಿ ಕೋಟೆ ಅವರ ಕೈಯಲ್ಲಿತ್ತು. ನಮ್ಮ ಶಿಕಾರಿಪುರವೂ ಇತ್ತು. ಇಲ್ಲಿ ಮೊದಲಿದ್ದ ಹಳ್ಳಿಯ ಹೆಸರು ಮಳಿಯನಹಳ್ಳಿ. ಕೆಳದಿಯವರು ಕೋಟೆ ಕಟ್ಟಿ ಅದಕ್ಕೆ ಮಹಾದಾನಪುರ ಎಂದು ಹೆಸರಿಟ್ಟರು. ಹೈದರ್, ಟಿಪ್ಪು ಕಾಲಕ್ಕೆ ಇಲ್ಲಿ ಬೇಟೆ ಹೇರಳ ಎಂದು ಅದು ಶಿಕಾರಿಪುರವಾಯಿತು. ಶಿಕಾರಿ ಎಂಬುದು ನಮ್ಮ ಮನೆಯಲ್ಲಿ ಆಡುವ ಉರ್ದುವಿನ ಮಾತು, ಪುರ ಎಂಬುದು ಸಂಸ್ಕೃತದ್ದು. ಊರಿನ ಬೋರ್ಡಿನಲ್ಲಿ ಎರಡೂ ಒಟ್ಟಿಗೆ ಇವೆ, ಯಾರಿಗೂ ತೊಂದರೆಯಾಗಿಲ್ಲ.

ಚೆನ್ನಮ್ಮ ರಾಜಮನೆತನದಲ್ಲಿ ಹುಟ್ಟಿದವಳಲ್ಲ. ಸಿದ್ದಪ್ಪ ಶೆಟ್ಟಿ ಎಂಬ ವ್ಯಾಪಾರಿಯ ಮಗಳು. ಕೆಳದಿಯ ರಾಮೇಶ್ವರ ಜಾತ್ರೆಯಲ್ಲಿ ಅರಸ ಸೋಮಶೇಖರ ನಾಯಕ ಆಕೆಯನ್ನು ನೋಡಿ ಮೆಚ್ಚಿದನೆಂದೂ 1667ರಲ್ಲಿ ಮದುವೆಯಾಯಿತೆಂದೂ ಹೇಳುತ್ತಾರೆ. ಜಾತ್ರೆಯ ಕಥೆ ಎಲ್ಲರಿಗೂ ಇಷ್ಟ. ಕಾಮರ್ಸ್ ಓದುವ ನನಗೆ ಇಷ್ಟವಾದದ್ದು ವ್ಯಾಪಾರಿಯ ಮಗಳು ಎಂಬ ಮಾತು. ಅಂಗಡಿಯವರ ಮನೆಯಲ್ಲಿ ಊಟಕ್ಕೆ ಕೂತಾಗಲೂ ಸಾಲ, ವಸೂಲಿ, ದಾಸ್ತಾನು, ಯಾರನ್ನು ನಂಬಬಹುದು, ಯಾರನ್ನು ನಂಬಬಾರದು ಎಂಬ ಮಾತೇ ನಡೆಯುತ್ತದೆ. ಚೆನ್ನಮ್ಮನೂ ಅದನ್ನೆಲ್ಲ ಕೇಳಿಕೊಂಡೇ ಬೆಳೆದಿರಬೇಕು ಎಂಬುದು ನನ್ನ ಊಹೆ. ಮುಂದೆ ಆಕೆ ಮಾಡಿದ ಕೆಲಸ ನೋಡಿದರೆ ಊಹೆ ಸುಳ್ಳೆನಿಸುವುದಿಲ್ಲ.

ಮದುವೆಯಾದ ಕೆಲವೇ ವರ್ಷಗಳಲ್ಲಿ ಸೋಮಶೇಖರ ನಾಯಕ ರಾಜ್ಯದ ಕೆಲಸ ಬಿಟ್ಟುಬಿಟ್ಟ. ಕಲಾವತಿ ಎಂಬ ನರ್ತಕಿಯ ಹಿಂದೆ ಹೋದ, ಬುದ್ಧಿ ಸ್ಥಿಮಿತ ತಪ್ಪಿತು. ಕಥೆ ಹೇಳುವವರು ಎಲ್ಲ ತಪ್ಪನ್ನೂ ಆ ನರ್ತಕಿಯ ತಲೆಗೆ ಕಟ್ಟುತ್ತಾರೆ. ನನಗೆ ಇದು ಸರಿ ಕಾಣುವುದಿಲ್ಲ. ರಾಜ್ಯ ಆಳುವ ಗಂಡಸು ಮಗುವೇನಲ್ಲ. ಇರಲಿ, ಅರಸ ಹೀಗಾದ ಸುದ್ದಿ ಬಿಜಾಪುರಕ್ಕೆ ಮುಟ್ಟಿತು, ಅಲ್ಲಿನ ಸುಲ್ತಾನನ ಸೈನ್ಯ ಬಿದನೂರಿನ ಕಡೆಗೆ ಹೊರಟಿತು. 1671ರಲ್ಲಿ ಸೋಮಶೇಖರನ ಕೊಲೆಯಾಯಿತು. ಮಕ್ಕಳಿಲ್ಲ. ಹೊರಗೆ ಶತ್ರು, ಒಳಗೆ ಒಬ್ಬೊಬ್ಬ ಸರದಾರನದು ಒಂದೊಂದು ಲೆಕ್ಕಾಚಾರ.

ಆಗ ಚೆನ್ನಮ್ಮನ ಸ್ಥಿತಿ ಏನಿತ್ತು ಎಂದು ಯೋಚಿಸಿ ನೋಡಿ. ದರ್ಬಾರಿನಲ್ಲಿ ಮಂತ್ರಿಗಳು ಗಂಡಸರು, ದಳವಾಯಿ ಗಂಡಸು, ಲೆಕ್ಕ ಬರೆಯುವ ಕರಣಿಕರು ಗಂಡಸರು, ಕೋಟೆ ಕಾಯುವವರು ಗಂಡಸರು. ಗಂಡ ಸತ್ತ ಹೆಂಗಸು ಮೂಲೆಯಲ್ಲಿ ಕೂತಿರಬೇಕು, ತಾವು ತೋರಿಸಿದ ಹುಡುಗನನ್ನು ದತ್ತು ತೆಗೆದುಕೊಳ್ಳಬೇಕು, ಆ ಹುಡುಗನ ಹೆಸರಿನಲ್ಲಿ ತಾವು ಆಳಬೇಕು. ಅವರಲ್ಲಿ ಹಲವರ ಮನಸ್ಸಿನಲ್ಲಿ ಇದ್ದದ್ದು ಇದೇ. ಚೆನ್ನಮ್ಮ ಒಪ್ಪಲಿಲ್ಲ.

ಆಕೆ ಮೊದಲು ಹಿಡಿದದ್ದು ಕತ್ತಿಯನ್ನಲ್ಲ, ಖಜಾನೆಯನ್ನು. ಬಿಜಾಪುರದ ಸೈನ್ಯ ಹತ್ತಿರ ಬರುತ್ತಿದ್ದಂತೆ ಅರಮನೆಯ ಹಣ, ಬೆಲೆಬಾಳುವ ವಸ್ತುಗಳನ್ನೆಲ್ಲ ಸಾಗಿಸಿಕೊಂಡು ಭುವನಗಿರಿಗೆ ಹೋದಳು. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ದಟ್ಟ ಕಾಡಿನ ನಡುವೆ ಇರುವ ಈಗಿನ ಕವಲೇದುರ್ಗವೇ ಆ ಭುವನಗಿರಿ. ಶತ್ರುಗಳಿಗೆ ಬಿದನೂರು ಸಿಕ್ಕಿತು, ಹಣ ಸಿಗಲಿಲ್ಲ. ಬರಿಯ ಗೋಡೆ ಹಿಡಿದುಕೊಂಡು ಎಷ್ಟು ದಿನ ಸೈನಿಕರಿಗೆ ಸಂಬಳ ಕೊಡಲಾಗುತ್ತದೆ? ಇತ್ತ ರಾಣಿಯ ಕೈಯಲ್ಲಿ ಹಣವಿತ್ತು. ಹಣವಿದ್ದುದರಿಂದ ಚದುರಿಹೋಗಿದ್ದ ಸೈನ್ಯ ಮತ್ತೆ ಕೂಡಿತು. ತಿಮ್ಮಣ್ಣ ನಾಯಕನಂಥ ಅನುಭವಸ್ಥರು ಆಕೆಯ ಪಕ್ಷಕ್ಕೆ ಬಂದರು. ಬಿದನೂರು ಮತ್ತೆ ಕೈಸೇರಿತು. 1672ರಲ್ಲಿ ಚೆನ್ನಮ್ಮ ಪಟ್ಟಕ್ಕೆ ಬಂದಳು. ಬೇರೆಯವರ ಹೆಸರಿನಲ್ಲಿ ಅಲ್ಲ, ತನ್ನದೇ ಹೆಸರಿನಲ್ಲಿ.

ಇಲ್ಲಿ ನನ್ನ ಮನೆಯ ಒಂದು ವಿಷಯ ಬರೆಯುತ್ತೇನೆ. ನಮ್ಮದು ಹಾರ್ಡ್‌ವೇರ್ ಅಂಗಡಿ. ಅಂಗಡಿಯ ಖರೀದಿ ಬಿಲ್ಲು, ಜಿಎಸ್‌ಟಿ ಲೆಕ್ಕ, ಉದ್ರಿ ಪುಸ್ತಕ ಎಲ್ಲವನ್ನೂ ಎರಡು ವರ್ಷದಿಂದ ರಾತ್ರಿ ಮನೆಯಲ್ಲಿ ಕೂತು ನಾನೇ ಬರೆಯುತ್ತಿದ್ದೇನೆ. ಯಾರು ಎಷ್ಟು ಬಾಕಿ ಎಂದು ಅಬ್ಬಾ ನನ್ನನ್ನೇ ಕೇಳುತ್ತಾರೆ. ಆದರೆ ಹಗಲು ಹೊತ್ತಿನಲ್ಲಿ ಗಲ್ಲಾದ ಹತ್ತಿರ ಕೂರುತ್ತೇನೆ ಎಂದರೆ ಮನೆಯ ಹಿರಿಯರಿಗೆ ಸಮ್ಮತವಿಲ್ಲ. ಹೆಣ್ಣುಮಗಳು ಗಲ್ಲಾದಲ್ಲಿ ಕೂತರೆ ಗಿರಾಕಿಗಳು ಏನಂದುಕೊಳ್ಳುತ್ತಾರೆ ಎಂಬ ಚಿಂತೆ. ನಮ್ಮ ತರಗತಿಯ ಎಷ್ಟೋ ಹುಡುಗಿಯರ ಮನೆಯಲ್ಲಿ ಇದೇ ಕಥೆ. ಕೆಲಸ ನಮ್ಮದು, ಕುರ್ಚಿ ಮಾತ್ರ ಬೇರೆಯವರದು. ಹೀಗಿರುವಾಗ ಮುನ್ನೂರೈವತ್ತು ವರ್ಷದ ಹಿಂದೆ ಒಬ್ಬ ಹೆಂಗಸು ಒಂದು ರಾಜ್ಯದ ಗಲ್ಲಾವನ್ನೇ ತನ್ನ ವಶಕ್ಕೆ ತೆಗೆದುಕೊಂಡಳು ಎಂದು ಓದಿದಾಗ ಆ ಪುಟವನ್ನು ನಾನು ಎರಡು ಸಲ ಓದಿದೆ. ದಾದಿಗೂ ಉರ್ದುವಿನಲ್ಲಿ ಹೇಳಿದೆ. ಪೂರ್ತಿ ಕೇಳಿದರು, ಏನೂ ಹೇಳಲಿಲ್ಲ. ಮರುದಿನ ಆ ರಾಣಿಗೆ ಆಮೇಲೆ ಏನಾಯಿತು ಎಂದು ಅವರೇ ಕೇಳಿದರು.

ಆಮೇಲೆ ಏನಾಯಿತೆಂದರೆ, ಒಳಗಿನ ವಿರೋಧ ಅಷ್ಟಕ್ಕೇ ನಿಲ್ಲಲಿಲ್ಲ. ತಮಗೆ ಬೇಕಾದ ಹುಡುಗನನ್ನು ಸಿಂಹಾಸನಕ್ಕೆ ತರಬೇಕೆಂದು ಕೆಲವು ಸರದಾರರು ಪಿತೂರಿ ನಡೆಸಿದರು. ಚೆನ್ನಮ್ಮ ಅವರನ್ನು ಅಡಗಿಸಿದಳು. ಉತ್ತರಾಧಿಕಾರಿಯನ್ನು ಆರಿಸುವ ಹಕ್ಕನ್ನು ಮಾತ್ರ ಯಾರಿಗೂ ಬಿಟ್ಟುಕೊಡಲಿಲ್ಲ. ಬಸಪ್ಪ ಎಂಬ ಹುಡುಗನನ್ನು ದತ್ತು ತೆಗೆದುಕೊಂಡು ತನ್ನ ಕೈಕೆಳಗೇ ಬೆಳೆಸಿದಳು. ಹುಡುಗ ದೊಡ್ಡವನಾದ ಮೇಲೂ ಆಡಳಿತ ಆಕೆಯ ಕೈಯಲ್ಲೇ ಇತ್ತು. ಕೆಲಸ ಕಲಿಸುವುದು ಬೇರೆ, ಅಧಿಕಾರ ಬಿಟ್ಟುಕೊಡುವುದು ಬೇರೆ ಎಂಬುದು ಆಕೆಗೆ ಗೊತ್ತಿತ್ತು.

ಹಣಕಾಸಿನ ವಿಷಯಕ್ಕೆ ಬರುತ್ತೇನೆ. ಆಕೆಗಿಂತ ಮೊದಲು ಆಳಿದ ಶಿವಪ್ಪ ನಾಯಕ ಭೂಮಿಯನ್ನು ಅಳೆಸಿ, ಮಣ್ಣಿನ ಗುಣ ನೋಡಿ ಐದು ದರ್ಜೆ ಮಾಡಿ ಕಂದಾಯ ಗೊತ್ತುಪಡಿಸಿದ್ದ. ಶಿವಪ್ಪ ನಾಯಕನ ಶಿಸ್ತು ಎಂದು ನಮ್ಮ ಜಿಲ್ಲೆಯಲ್ಲಿ ಈಗಲೂ ಹೆಸರು. ಇಕ್ಕೇರಿ ವರಹ ಎಂಬ ಚಿನ್ನದ ನಾಣ್ಯ ದೂರದೂರಕ್ಕೆ ಚಲಾವಣೆಯಲ್ಲಿತ್ತು. ಘಟ್ಟದ ಮೇಲೆ ಕಾಳುಮೆಣಸು, ಅಡಿಕೆ. ಘಟ್ಟದ ಕೆಳಗೆ ಭತ್ತ, ಬಂದರು. ಹೊನ್ನಾವರ, ಭಟ್ಕಳ, ಬಸ್ರೂರು, ಮಂಗಳೂರು ಬಂದರುಗಳಿಂದ ಅಕ್ಕಿ ಗೋವೆಗೂ ಸಮುದ್ರದಾಚೆಯ ಮಸ್ಕತ್‌ಗೂ ಹೋಗುತ್ತಿತ್ತು. ಭಟ್ಕಳದ ನವಾಯತರು, ಅರಬ್ಬರು, ಕೊಂಕಣಿಗರು, ಪೋರ್ಚುಗೀಸರು ಎಲ್ಲರೂ ಆ ಕರಾವಳಿಯಲ್ಲಿ ವ್ಯಾಪಾರಕ್ಕೆ ಇದ್ದವರು. ಗೋವೆಯ ಪೋರ್ಚುಗೀಸರಿಗೆ ಕೆನರಾದ ಅಕ್ಕಿ ಇಲ್ಲದೆ ನಡೆಯುತ್ತಿರಲಿಲ್ಲ. 1678ರಲ್ಲಿ ಅವರು ಬಂದು ಚೆನ್ನಮ್ಮನೊಡನೆ ಒಪ್ಪಂದ ಮಾಡಿಕೊಂಡರು. ಅವರಿಗೆ ವ್ಯಾಪಾರದ ಕೋಠಿ ಇಟ್ಟುಕೊಳ್ಳಲು, ಕರಾವಳಿಯ ಕೆಲವು ಊರುಗಳಲ್ಲಿ ಚರ್ಚ್ ಕಟ್ಟಿಕೊಳ್ಳಲು ಅನುಮತಿ ಸಿಕ್ಕಿತು. ಸಮುದ್ರದ ಮೇಲೆ ಫಿರಂಗಿ ಇಟ್ಟುಕೊಂಡು ಎಲ್ಲರನ್ನೂ ಹೆದರಿಸುತ್ತಿದ್ದ ಪೋರ್ಚುಗೀಸರು ಒಬ್ಬ ಹೆಂಗಸಿನ ಒಪ್ಪಿಗೆಗಾಗಿ ಬಂದರೆಂದರೆ, ಅವರಿಗೆ ಬೇಕಾದ ಸರಕು ಆಕೆಯ ಕೈಯಲ್ಲಿತ್ತು. ಬೇಡಿಕೆ ಮತ್ತು ಪೂರೈಕೆಯ ಪಾಠದಲ್ಲಿ ಪೇಟೆಯ ಉದಾಹರಣೆಯ ಜೊತೆಗೆ ಇದನ್ನೂ ಸೇರಿಸಬಹುದು.

ಮೈಸೂರಿನ ಚಿಕ್ಕದೇವರಾಜ ಒಡೆಯರ ಜೊತೆಗೂ ಆಕೆಯ ಕಾಲದಲ್ಲಿ ಯುದ್ಧಗಳಾದವು. ಬಸವಾಪಟ್ಟಣದ ಕಡೆಯ ಸೀಮೆ ಕೆಳದಿಗೆ ಸೇರಿತು. ಅಲ್ಲಿನ ಹುಲಿಕೆರೆ ಎಂಬ ಜಾಗದ ಕೋಟೆಗೆ ಚೆನ್ನಗಿರಿ ಎಂದು ಹೆಸರಾಯಿತು. ಈಗ ದಾವಣಗೆರೆ ಜಿಲ್ಲೆಯಲ್ಲಿರುವ ಚನ್ನಗಿರಿಯೇ ಅದು. ಅಡಿಕೆ ಧಾರಣೆ ನೋಡುವಾಗ ಆ ಊರಿನ ಹೆಸರು ದಿನಾ ಓದುತ್ತೇವೆ, ಹೆಸರಿನೊಳಗೆ ಒಬ್ಬ ರಾಣಿ ಇದ್ದಾಳೆ ಎಂಬುದು ನೆನಪಿಗೆ ಬರುವುದಿಲ್ಲ.

ಎಲ್ಲರೂ ಹೇಳುವ ಕಥೆ ರಾಜಾರಾಮನದು. 1689ರಲ್ಲಿ ಮೊಗಲರು ಶಿವಾಜಿಯ ಹಿರಿಯ ಮಗ ಸಂಭಾಜಿಯನ್ನು ಕೊಂದರು, ರಾಯಗಡಕ್ಕೆ ಮುತ್ತಿಗೆ ಹಾಕಿದರು. ಕಿರಿಯ ಮಗ ರಾಜಾರಾಮ ವೇಷ ಮರೆಸಿಕೊಂಡು ತಮಿಳುನಾಡಿನ ಜಿಂಜಿ ಕೋಟೆಯ ಕಡೆಗೆ ಓಡಿದ. ದಾರಿಯಲ್ಲಿ ಬಿದನೂರಿನ ರಾಣಿಯ ಆಶ್ರಯ ಬೇಡಿದ. ಆಶ್ರಯ ಕೊಟ್ಟರೆ ಔರಂಗಜೇಬನ ಸೈನ್ಯ ಬರುವುದು ಖಂಡಿತ. ಮಂತ್ರಿಗಳಲ್ಲಿ ಹಲವರು ಬೇಡವೆಂದರಂತೆ. ಬೇಡವೆನ್ನಲು ಇನ್ನೊಂದು ಕಾರಣವೂ ಇತ್ತು. 1665ರಲ್ಲಿ ಇದೇ ರಾಜಾರಾಮನ ತಂದೆ ಶಿವಾಜಿ ಹಡಗುಗಳಲ್ಲಿ ಬಂದು ಕೆಳದಿಯವರ ಬಸ್ರೂರು ಬಂದರನ್ನು ಲೂಟಿ ಮಾಡಿದ್ದ. ವ್ಯಾಪಾರಿಯ ಮಗಳಿಗೆ ಆ ನಷ್ಟದ ಲೆಕ್ಕ ಗೊತ್ತಿಲ್ಲದೆ ಇರುತ್ತದೆಯೇ? ಆದರೂ ಬಾಗಿಲಿಗೆ ಬಂದವನನ್ನು ಕಳಿಸಿಬಿಡಲಿಲ್ಲ, ಸುರಕ್ಷಿತವಾಗಿ ದಾಟಿಸಿದಳು. ನಿರೀಕ್ಷಿಸಿದಂತೆ ಜಾನ್ ನಿಸಾರ್ ಖಾನನ ಮುಂದಾಳತ್ವದಲ್ಲಿ ಮೊಗಲ್ ಸೈನ್ಯ ಬಂತು. ಮಲೆನಾಡಿನ ಕಾಡು, ಮಳೆ, ಇಕ್ಕಟ್ಟಾದ ದಾರಿಗಳಲ್ಲಿ ಆ ದೊಡ್ಡ ಸೈನ್ಯಕ್ಕೆ ತುಂಬ ಕಷ್ಟವಾಯಿತು. ಕೊನೆಗೆ ಒಪ್ಪಂದದಲ್ಲಿ ಮುಗಿಯಿತು. ರಾಜಾರಾಮ ಅಷ್ಟರಲ್ಲಿ ಜಿಂಜಿ ಸೇರಿದ್ದ. ರಾಜ್ಯವೂ ಉಳಿಯಿತು.

ಈ ಕಥೆಯನ್ನು ಹಿಂದೆ ಓದುತ್ತಿದ್ದ ಶಾಲೆಯಲ್ಲಿ ಕೇಳಿದಾಗ, ಔರಂಗಜೇಬನ ಹೆಸರು ಬಂದ ಕೂಡಲೇ ಕೆಲವರು ತಿರುಗಿ ನನ್ನನ್ನೂ ನನ್ನ ಗೆಳತಿಯನ್ನೂ ನೋಡಿದ್ದರು, ನಾವೇ ದೆಹಲಿಯಿಂದ ಸೈನ್ಯ ಕಳಿಸಿದವರ ಹಾಗೆ. ನಮ್ಮ ಹಿರಿಯರು ಇದೇ ಮಹಾದಾನಪುರದ ಸೀಮೆಯವರು. ಇಲ್ಲಿ ಸುರಿಯುವ ಮಳೆ ಎಂಥದ್ದೆಂದು ಗೊತ್ತಿರುವವರು. ಚೆನ್ನಮ್ಮನ ಇಪ್ಪತ್ತೈದು ವರ್ಷಗಳನ್ನು ಪೂರ್ತಿ ಓದಿದರೆ ಆಕೆ ಬಿಜಾಪುರದವರ ಮೇಲೆ ಹೋರಾಡಿದ್ದಾಳೆ, ಮೊಗಲರ ಮೇಲೆ ಹೋರಾಡಿದ್ದಾಳೆ, ಮೈಸೂರಿನ ಒಡೆಯರ ಮೇಲೂ ಹೋರಾಡಿದ್ದಾಳೆ. ತನ್ನದೇ ದರ್ಬಾರಿನ ಸರದಾರರ ಮೇಲೆ ಹೋರಾಡಿದ್ದು ಎಲ್ಲಕ್ಕಿಂತ ಮೊದಲು. ಯಾರ ಧರ್ಮ ಯಾವುದು ಎಂಬುದರ ಮೇಲೆ ಆಕೆಯ ಶತ್ರುಗಳ ಪಟ್ಟಿ ನಿಂತಿರಲಿಲ್ಲ, ಯಾರು ರಾಜ್ಯಕ್ಕೆ ಕೈ ಹಾಕುತ್ತಾರೆ ಎಂಬುದರ ಮೇಲೆ ನಿಂತಿತ್ತು. ಆದ್ದರಿಂದ ಆಕೆಯನ್ನು ನಮ್ಮ ರಾಣಿ ಎನ್ನಲು ನನಗೆ ಯಾರ ಅನುಮತಿಯೂ ಬೇಕಿಲ್ಲ.

ಇದರ ನಡುವೆ ಮಠಗಳನ್ನು ಕಟ್ಟಿಸಿದಳು, ಅಗ್ರಹಾರಕ್ಕೆ ಭೂಮಿ ಬಿಟ್ಟಳು. 1697ರವರೆಗೆ ಆಳಿದಳು. ಆಕೆಯ ನಂತರ ಬಸಪ್ಪ ನಾಯಕ ಪಟ್ಟಕ್ಕೆ ಬಂದ. ಅವನು ಹೆಸರು ಮಾಡಿದ್ದು ವಿದ್ವಾಂಸನಾಗಿ. 1709ರಲ್ಲಿ ‘ಶಿವತತ್ತ್ವ ರತ್ನಾಕರ’ ಎಂಬ ಸಂಸ್ಕೃತದ ದೊಡ್ಡ ವಿಶ್ವಕೋಶವನ್ನೇ ರಚಿಸಿದ. ರಾಜನೀತಿಯಿಂದ ಹಿಡಿದು ಅಡುಗೆಯವರೆಗೆ ಅದರಲ್ಲಿ ಇಲ್ಲದ ವಿಷಯವಿಲ್ಲ. ಸೋಮಶೇಖರ ಸತ್ತಾಗ ಕೂರಲು ಜನವಿದ್ದರೂ ಹೊರಲು ಜನವಿಲ್ಲದ ಸಿಂಹಾಸನ ಅದು. ಚೆನ್ನಮ್ಮ ಬಿಟ್ಟುಹೋಗುವಾಗ ತಾನೇ ಆರಿಸಿ, ತಾನೇ ತಯಾರು ಮಾಡಿದವನು ಅದರ ಮೇಲೆ ಕೂತ. ಕೆಳದಿಯ ಕೊನೆಗಾಲದಲ್ಲಿ ಇನ್ನೊಬ್ಬ ರಾಣಿ ವೀರಮ್ಮಾಜಿ ಆಡಳಿತ ನಡೆಸಿದಳು. 1763ರಲ್ಲಿ ಹೈದರ್ ಅಲಿ ಬಿದನೂರನ್ನು ಗೆದ್ದುಕೊಂಡಾಗ ರಾಜ್ಯ ಮುಗಿಯಿತು. ಅವಳ ಕಥೆ ಬೇರೆಯೇ ಇದೆ, ಅದನ್ನು ಬರೆಯಲು ಇನ್ನೊಂದು ಸಂಚಿಕೆ ಬೇಕು.

ಕೆಳದಿಗೆ ಇಲ್ಲಿಂದ ಒಂದೇ ದಿನದಲ್ಲಿ ಹೋಗಿ ಬರಬಹುದು. ಅಲ್ಲಿ ರಾಮೇಶ್ವರ, ವೀರಭದ್ರ ದೇವಸ್ಥಾನಗಳಿವೆ, ಹಳೆಯ ತಾಳೆಗರಿ, ಕಾಗದಪತ್ರಗಳನ್ನು ಇಟ್ಟಿರುವ ವಸ್ತುಸಂಗ್ರಹಾಲಯವಿದೆ. ಈ ಸಲದ ಕಾಲೇಜು ಪ್ರವಾಸಕ್ಕೆ ಜೋಗದ ಜೊತೆ ಕೆಳದಿಯನ್ನೂ ಸೇರಿಸಬೇಕೆಂದು ನಮ್ಮ ತರಗತಿಯ ಹುಡುಗಿಯರು ಅರ್ಜಿ ಬರೆದು ಕೊಟ್ಟಿದ್ದೇವೆ. ಖರ್ಚಿನ ಅಂದಾಜುಪಟ್ಟಿಯನ್ನೂ ನಾವೇ ಹಾಕಿ ಅದರ ಜೊತೆ ಲಗತ್ತಿಸಿದ್ದೇವೆ.